ಅಳಿವೆ ಬಾಗಿಲಿನ ಕದನಗಳು

ಕಳೆದ ವರ್ಷ ಆಟಿ ತಿಂಗಳ ಒಂದು ಮಧ್ಯಾಹ್ನ ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಯ ಮೆಟ್ಟಿಲು ಹತ್ತಿ ನಿಂತಿದ್ದೆ. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಕೆಳಗೆ ಗುರುಪುರ ಹೊಳೆ ಕೆಂಪಾಗಿ, ದಡ ಮುಟ್ಟಿ ಹರಿಯುತ್ತಿತ್ತು. ಆಚೆ ದಡದ ತಣ್ಣೀರುಬಾವಿಯ ತೆಂಗಿನ ಸಾಲು ಮಳೆಯ ತೆರೆಯ ಹಿಂದೆ ಆಗಾಗ ಕಂಡು ಮರೆಯಾಗುತ್ತಿತ್ತು. ಜನರನ್ನು ಆಚೆಗೆ ದಾಟಿಸುವ ದೋಣಿಯನ್ನು ದಡಕ್ಕೆ ಎಳೆದು ಕಟ್ಟಿದ್ದರು. ಬತ್ತೇರಿ ದೊಡ್ಡ ಕಟ್ಟಡವೇನಲ್ಲ. ಕರಿಕಲ್ಲಿನಲ್ಲಿ ಕಟ್ಟಿದ ಒಂದು ಗಿಡ್ಡ ಬುರುಜು, ಅದರ ಅಡಿಯಲ್ಲಿ ಮದ್ದಿನ ಉಗ್ರಾಣ, ಮೇಲಿನ ಗೋಡೆಯ ಸುತ್ತ ತೋಪಿಗಾಗಿ ಬಿಟ್ಟ ಕಿಂಡಿಗಳು. ಹೊಳೆಯ ಕಡೆಗಿರುವ ಒಂದು ಕಿಂಡಿಗೆ ಬಗ್ಗಿ ಕಣ್ಣಿಟ್ಟೆ. ಅಲ್ಲಿಂದ ಊರು ಕಾಣಲಿಲ್ಲ, ರಸ್ತೆ ಕಾಣಲಿಲ್ಲ. ಕಂಡದ್ದು ನೀರು ಮಾತ್ರ. 1784ರಲ್ಲಿ ಟಿಪ್ಪು ಸುಲ್ತಾನ ಇದನ್ನು ಕಟ್ಟಿಸಿದಾಗ ಅವನ ತೋಪಿನವರು ನೋಡುತ್ತಿದ್ದುದೂ ಅದನ್ನೇ: ಅಳಿವೆಯನ್ನು ಹಾದು ಹೊಳೆಯೊಳಗೆ ನುಗ್ಗಿ ಬರಬಹುದಾದ ಒಂದು ಯುದ್ಧನೌಕೆಯನ್ನು.

ಮಂಗಳೂರಿನ ಯುದ್ಧಗಳ ಕಥೆಯನ್ನು ನಾವು ಸಾಮಾನ್ಯವಾಗಿ ರಾಜರ ಹೆಸರಿನಲ್ಲಿ, ಕೋಟೆಗಳ ಹೆಸರಿನಲ್ಲಿ ಹೇಳುತ್ತೇವೆ. ಅಬ್ಬಕ್ಕ, ಶಿವಪ್ಪ ನಾಯಕ, ಹೈದರ್, ಟಿಪ್ಪು, ಕಲ್ಯಾಣಸ್ವಾಮಿ ಎಂದು ಸಾಲಾಗಿ ಹೇಳಿಕೊಂಡು ಹೋದರೆ ಯಾರು ಗೆದ್ದರು, ಯಾರು ಸೋತರು ಎಂಬುದು ತಿಳಿಯುತ್ತದೆಯೇ ಹೊರತು ಯಾಕೆ ಎಂಬುದು ತಿಳಿಯುವುದಿಲ್ಲ. ಹಲವು ವರ್ಷಗಳಿಂದ ಈ ಊರಿನ ಚರಿತ್ರೆಯನ್ನು ಓದುತ್ತ, ಇದೇ ಮಳೆಯಲ್ಲಿ ನೆನೆಯುತ್ತ ಬಂದ ನನಗೆ ಅನ್ನಿಸಿದ್ದು ಇಷ್ಟು: ಇಲ್ಲಿ ಪ್ರತಿಯೊಂದು ಯುದ್ಧಕ್ಕೂ ಅವಧಿ ಗೊತ್ತುಮಾಡಿದ್ದು ಅಳಿವೆ ಬಾಗಿಲು ಮತ್ತು ಮುಂಗಾರು. ಕಡಲಿನಿಂದ ಬಂದವನಿಗೆ ಈ ಊರನ್ನು ಹಿಡಿಯುವುದು ಸುಲಭವಿತ್ತು, ಆದರೆ ಒಂದು ಮಳೆಗಾಲ ದಾಟಿ ಉಳಿಸಿಕೊಳ್ಳುವುದು ಕಷ್ಟವಿತ್ತು. ಘಟ್ಟ ಇಳಿದು ಬಂದವನಿಗೆ ನೆಲ ದಕ್ಕುತ್ತಿತ್ತು, ಕಡಲು ದಕ್ಕುತ್ತಿರಲಿಲ್ಲ.

ನಕ್ಷೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಬೇಕು. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ಹೊಳೆ, ಅಂದರೆ ಫಲ್ಗುಣಿ, ಎರಡೂ ಊರನ್ನು ತಬ್ಬಿಕೊಂಡಂತೆ ಬಂದು ಕಡಲಿಗೆ ಸೇರುವ ಮುನ್ನ ಒಂದಾಗುತ್ತವೆ. ಕಡಲಿಗೂ ಊರಿಗೂ ನಡುವೆ ಬೆಂಗ್ರೆಯ ಉದ್ದನೆಯ ಮರಳ ನಾಲಗೆ ಚಾಚಿಕೊಂಡಿದೆ. ಅದರ ತುದಿಗೂ ಉಳ್ಳಾಲದ ಕೋಟೆಪುರಕ್ಕೂ ನಡುವೆ ಇರುವುದೇ ಅಳಿವೆ ಬಾಗಿಲು. ಒಳಗೆ ಬಂದ ಹಡಗಿಗೆ ಗಾಳಿಯ ಭಯವಿಲ್ಲ, ಅಲೆಯ ಭಯವಿಲ್ಲ. ಆದರೆ ಒಳಗೆ ಬರಬೇಕಾದರೆ ಬಾಗಿಲಿಗೆ ಅಡ್ಡವಾಗಿ ನೀರಿನಡಿ ಮಲಗಿರುವ ಮರಳ ದಿಬ್ಬವನ್ನು ದಾಟಬೇಕು. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಿ, ಸರಕನ್ನೂ ಸಿಪಾಯಿಗಳನ್ನೂ ಚಿಕ್ಕ ದೋಣಿಗಳಿಗೆ ಇಳಿಸಬೇಕಾಗಿತ್ತು. ಜೂನ್ ಬಂತೆಂದರೆ ಆ ಬಾಗಿಲಿನಲ್ಲಿ ಅಲೆಗಳು ಗೋಡೆಯಂತೆ ಏಳುತ್ತವೆ. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಬೀಳುವ ಊರಿದು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಹಾಯಿ ಹಡಗಿನ ಕಾಲದಲ್ಲಿ ಆ ತಿಂಗಳುಗಳಲ್ಲಿ ಈ ಕರಾವಳಿ ಮುಚ್ಚಿದ ಬಾಗಿಲೇ ಆಗಿತ್ತು.

ಹಾಗಿದ್ದರೂ ಇದಕ್ಕಾಗಿ ಇಷ್ಟು ಜನ ಹೊಡೆದಾಡಿದ್ದೇಕೆ ಎಂದರೆ ಮೆಣಸು ಮತ್ತು ಅಕ್ಕಿ. ಮೆಣಸಿನ ಮಾತು ಎಲ್ಲರೂ ಆಡುತ್ತಾರೆ. ಅಕ್ಕಿಯ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಗೋವೆಯ ಪೋರ್ಚುಗೀಸರು, ಮಸ್ಕತ್ತಿನ ಅರಬರು, ಮಲಬಾರಿನ ಊರುಗಳು ಈ ಕರಾವಳಿಯ ಅಕ್ಕಿಯನ್ನು ನೆಚ್ಚಿಕೊಂಡಿದ್ದವು. ಮಂಗಳೂರಿನ ಅಳಿವೆಯನ್ನು ಹಿಡಿದವನ ಕೈಯಲ್ಲಿ ಇನ್ನೊಬ್ಬರ ಊಟದ ಬಟ್ಟಲಿರುತ್ತಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಇಬ್ನ್ ಬತೂತ ಇದೊಂದು ದೊಡ್ಡ ಅಳಿವೆಯ ದಡದ ಊರೆಂದೂ, ಪರ್ಶಿಯ ಮತ್ತು ಯೆಮೆನ್ ದೇಶಗಳ ವರ್ತಕರು ಇಲ್ಲಿ ಇಳಿಯುತ್ತಾರೆಂದೂ, ಸುಮಾರು 4,000 ಮುಸ್ಲಿಮರು ಊರ ಬದಿಯಲ್ಲಿ ನೆಲೆಸಿದ್ದಾರೆಂದೂ ಬರೆದಿದ್ದಾನೆ. ಅವರಿಗೂ ಊರವರಿಗೂ ಆಗಾಗ ಕಾದಾಟ ನಡೆಯುತ್ತಿತ್ತಂತೆ. ವರ್ತಕರಿಲ್ಲದೆ ತನಗೆ ನಡೆಯದು ಎಂದು ತಿಳಿದಿದ್ದ ಅರಸ ನಡುವೆ ನಿಂತು ಸಮಾಧಾನ ಮಾಡಿಸುತ್ತಿದ್ದನಂತೆ. ಆಳುಪರ ಕಾಲ ಮುಗಿದು ವಿಜಯನಗರದ ಆಡಳಿತ ಬಂದ ಮೇಲೆ ಬಾರಕೂರಿನಂತೆ ಮಂಗಳೂರೂ ಒಂದು ರಾಜ್ಯದ ಕೇಂದ್ರವಾಯಿತು. ಬಂಗರು, ಚೌಟರು, ಅಜಿಲರು ಮೊದಲಾದ ತುಂಡರಸರು ತಮ್ಮ ತಮ್ಮ ಸೀಮೆಯನ್ನು ಆಳುತ್ತಿದ್ದರು.

ಪೋರ್ಚುಗೀಸರು 1526ರಲ್ಲಿ ಲೋಪೊ ವಾಜ್ ಡಿ ಸಂಪಾಯೊನ ನಾಯಕತ್ವದಲ್ಲಿ ಮಂಗಳೂರಿನ ಮೇಲೆ ಕೈಮಾಡಿದರು. ಮುಂದಿನ ನಲವತ್ತು ವರ್ಷ ಅವರ ಸಿಟ್ಟು ನೇತ್ರಾವತಿಯ ತೆಂಕಣ ದಡದ ಉಳ್ಳಾಲದ ಮೇಲೆ ತಿರುಗಿತು, ಏಕೆಂದರೆ ಅಲ್ಲಿನ ಚೌಟ ಮನೆತನದ ರಾಣಿ ಅವರು ಕೇಳಿದ ಕಪ್ಪವನ್ನು ಕೊಡಲು ಒಪ್ಪಲಿಲ್ಲ. ಉಳ್ಳಾಲ ಚಿಕ್ಕ ಊರು, ಆದರೆ ಅದು ಅಳಿವೆ ಬಾಗಿಲಿನ ಒಂದು ಕಂಬ. ಉಳ್ಳಾಲದವರ ಇಷ್ಟವಿಲ್ಲದೆ ಬಾಗಿಲು ದಾಟುವ ಹಡಗು ಪ್ರತಿಸಲವೂ ಒಂದು ಬದಿಯಿಂದ ಬಾಣಕ್ಕೆ, ಗುಂಡಿಗೆ ಮೈಯೊಡ್ಡಲೇಬೇಕು. ರಾಣಿ ಅಬ್ಬಕ್ಕನ ಹೋರಾಟವನ್ನು ಧೈರ್ಯದ ಕಥೆಯಾಗಿ ಕೇಳಿ ಬೆಳೆದವನು ನಾನು. ಯಕ್ಷಗಾನದಲ್ಲಿ ಅವಳು ಅಗ್ನಿಬಾಣ ಬಿಡುವುದನ್ನು ಕಂಡು ರೋಮಾಂಚನಗೊಂಡಿದ್ದೇನೆ. ದೊಡ್ಡವನಾದ ಮೇಲೆ ಕೋಟೆಪುರದ ಮರಳಿನಲ್ಲಿ ನಿಂತು ಎದುರಿನ ಬೆಂಗ್ರೆಯನ್ನು ನೋಡಿದಾಗ ಅವಳ ಜಾಣ್ಮೆ ಎಂಥದೆಂದು ಮನಸ್ಸಿಗೆ ಹೊಕ್ಕಿತು. ಅಷ್ಟು ಇಕ್ಕಟ್ಟಾದ ನೀರಿನಲ್ಲಿ ದೊಡ್ಡ ನೌಕಾಬಲಕ್ಕೆ ತಿರುಗಲು ಜಾಗವಿಲ್ಲ. ಮೀನು ಹಿಡಿಯುವ ಮೊಗವೀರರ ಹಗುರ ದೋಣಿಗಳಿಗೆ ಆ ಜಾಗವೇ ಅನುಕೂಲ.

1568ರಲ್ಲಿ ವೈಸರಾಯ್ ಅಂತಾವ್ ಡಿ ನೊರೋನ್ಯಾ ಮಂಗಳೂರಿಗೆ ದೊಡ್ಡ ದಂಡು ತಂದು, ಉಳ್ಳಾಲದ ರಾಣಿಯನ್ನು ಹಿಮ್ಮೆಟ್ಟಿಸಿ, ಸಂತ ಸೆಬಾಸ್ಟಿಯನ್ನನ ಹೆಸರಿನಲ್ಲಿ ಕೋಟೆಯನ್ನು ಕಟ್ಟಿಸಿದ. ಮಳೆಯಿಲ್ಲದ ತಿಂಗಳುಗಳಲ್ಲಿ ಬಂದು, ಮಳೆ ಹಿಡಿಯುವ ಮೊದಲು ಗೋಡೆ ಎಬ್ಬಿಸಿ, ಕಾವಲಿಟ್ಟು ಹೋಗುವುದು ಅವರ ಕ್ರಮವಾಗಿತ್ತು. ಕೋಟೆ ಬಂದ ಮೇಲೂ ಜಗಳ ಮುಗಿಯಲಿಲ್ಲ. ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಮಂದಿ ಆಗಿಹೋಗಿದ್ದಾರೆಂದು ವಿದ್ವಾಂಸರು ಹೇಳುತ್ತಾರೆ. ಅವರಲ್ಲೊಬ್ಬಳನ್ನು 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ ಮಣೇಲಿನಲ್ಲಿ ಕಂಡು ಮಾತಾಡಿಸಿದ. ರಾಣಿಯ ದರ್ಶನಕ್ಕೆಂದು ಅರಮನೆ ಹುಡುಕಿ ಬಂದವನಿಗೆ ಅವಳು ಸಿಕ್ಕಿದ್ದು ದಾರಿಯಲ್ಲಿ, ಬರಿಗಾಲಿನಲ್ಲಿ, ಸೊಂಟಕ್ಕೆ ಸಾದಾ ಹತ್ತಿ ಬಟ್ಟೆ ಸುತ್ತಿಕೊಂಡು, ಮಣ್ಣಿನ ಕೆಲಸದ ಮೇಲ್ವಿಚಾರಣೆಗೆ ನಡೆದು ಹೋಗುತ್ತಿದ್ದಾಗ. ನೋಡಲು ಸಾಮಾನ್ಯ ಹೆಂಗಸಿನಂತಿದ್ದರೂ ಮಾತಿನಲ್ಲಿ ರಾಣಿಯ ಗಾಂಭೀರ್ಯವಿತ್ತೆಂದು ಆತ ಬರೆದಿಟ್ಟಿದ್ದಾನೆ. ನಮ್ಮ ಕ್ಯಾಲೆಂಡರ್ ಚಿತ್ರಗಳ ಅಬ್ಬಕ್ಕನಿಗಿಂತ ಆ ಬರಿಗಾಲಿನ ಅಬ್ಬಕ್ಕ ನನಗೆ ಹೆಚ್ಚು ಹತ್ತಿರದವಳು. ಆ ಹೊತ್ತಿಗೆ ಅವಳಿಗೆ ಬೆನ್ನಾಗಿ ನಿಂತಿದ್ದವನು ಕೆಳದಿಯ ವೆಂಕಟಪ್ಪ ನಾಯಕ. ಅವಳಿಂದ ಬೇರೆಯಾಗಿದ್ದ ಗಂಡ, ಬಂಗರ ಅರಸ, ಪೋರ್ಚುಗೀಸರ ಕಡೆಗಿದ್ದ. ಮನೆಯ ಜಗಳ, ಅಳಿವೆಯ ಜಗಳ, ಮೆಣಸಿನ ಜಗಳ ಮೂರೂ ಒಂದಕ್ಕೊಂದು ಹೆಣೆದುಕೊಂಡಿದ್ದವು.

ಕೆಳದಿಯವರು ಘಟ್ಟದ ಮೇಲಿನವರು. 1652–54ರ ನಡುವೆ ಶಿವಪ್ಪ ನಾಯಕನು ಹೊನ್ನಾವರ, ಗಂಗೊಳ್ಳಿ, ಬಸ್ರೂರು, ಮಂಗಳೂರು ಎಂದು ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡ. ಆದರೆ ಅವನ ಉತ್ತರಾಧಿಕಾರಿಗಳು 1678ರಲ್ಲಿ ಅದೇ ಪೋರ್ಚುಗೀಸರಿಗೆ ಮಂಗಳೂರಿನಲ್ಲಿ ವ್ಯಾಪಾರದ ಕೋಠಿ ನಡೆಸಲು ಒಪ್ಪಿಗೆ ಕೊಡಬೇಕಾಯಿತು. ಅಕ್ಕಿ ಬೆಳೆದವನಿಗೆ ಅದನ್ನು ಕೊಂಡೊಯ್ಯುವ ಹಡಗು ಬೇಕಿತ್ತು, ಹಡಗು ಅವರದ್ದಾಗಿತ್ತು. ಆ ಒಪ್ಪಂದದಿಂದ ತಮ್ಮ ವ್ಯಾಪಾರಕ್ಕೆ ಪೆಟ್ಟು ಬಿದ್ದಾಗ ಮಸ್ಕತ್ತಿನ ಅರಬರು 1695ರಲ್ಲಿ ಬಂದು ಮಂಗಳೂರನ್ನು ಸುಟ್ಟು ಹೋದರು.

1763ರಲ್ಲಿ ಹೈದರ್ ಅಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಗೆದ್ದಾಗ ಅದರೊಂದಿಗೆ ಮಂಗಳೂರೂ ಅವನದಾಯಿತು. ಅಲ್ಲಿಯವರೆಗೆ ಕುದುರೆಯ ಬೆನ್ನ ಮೇಲಿನ ಯೋಧನಾಗಿದ್ದವನಿಗೆ ಮೊದಲ ಸಲ ಒಂದು ದೊಡ್ಡ ಬಂದರು ಸಿಕ್ಕಿತು. ಘಟ್ಟದ ಸಾಗುವಾನಿ ಮರ ಹೊಳೆಯಲ್ಲಿ ತೇಲಿ ಬರುತ್ತಿದ್ದ ಊರಿನಲ್ಲಿ ಅವನು ಹಡಗು ಕಟ್ಟಿಸತೊಡಗಿದ. ಆದರೆ ಸೈನ್ಯ ನಡೆಸಿದಷ್ಟು ಸಲೀಸಾಗಿ ನೌಕಾಪಡೆ ನಡೆಸಲು ಆಗಲಿಲ್ಲ. ಕುದುರೆಪಡೆಯ ಅಧಿಕಾರಿಯೊಬ್ಬನನ್ನು ನೌಕೆಗಳ ಮೇಲೆ ನೇಮಿಸಿದ್ದು ಕಡಲಿನ ನಾಯಕರಿಗೆ ಸಹನೆಯಾಗದೆ, 1768ರಲ್ಲಿ ಮುಂಬಯಿಯಿಂದ ಇಂಗ್ಲಿಷರ ದಂಡು ಬಂದಾಗ ಅವರಲ್ಲಿ ಹಲವರು ಹಡಗುಗಳ ಸಮೇತ ಶತ್ರುವಿನ ಕಡೆ ಸೇರಿಬಿಟ್ಟರು. ಮಂಗಳೂರು ಹೆಚ್ಚು ಹೋರಾಟವಿಲ್ಲದೆ ಇಂಗ್ಲಿಷರ ವಶವಾಯಿತು. ಮೇ ತಿಂಗಳಿಗೆ ಹೈದರ್ ಘಟ್ಟ ಇಳಿದು ಬಂದ. ಮುಂಗಾರಿಗೆ ಕೆಲವೇ ವಾರಗಳು ಉಳಿದಿದ್ದವು. ಹೊರಗೆ ನಿಂತ ಹಡಗುಗಳನ್ನು ಆ ಮೇಲೆ ಹತ್ತಲಾಗದು ಎಂಬುದು ಕೋಟೆಯೊಳಗಿನವರಿಗೆ ಗೊತ್ತಿತ್ತು. ಗಾಯಾಳುಗಳನ್ನೂ ಕಾಯಿಲೆಯವರನ್ನೂ ತೋಪುಗಳನ್ನೂ ಬಿಟ್ಟು ಅವರು ಗಡಿಬಿಡಿಯಲ್ಲಿ ದೋಣಿ ಹತ್ತಿದರು.

1780ರ ಡಿಸೆಂಬರಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಬ್ರಿಟಿಷ್ ನೌಕಾಪಡೆಯ ಎಡ್ವರ್ಡ್ ಹ್ಯೂಸ್ ಮಂಗಳೂರಿನ ಲಂಗರುದಾಣಕ್ಕೆ ಬಂದು ಹೈದರ್ ಅಷ್ಟು ವರ್ಷ ಪಟ್ಟುಹಿಡಿದು ಕಟ್ಟಿಸಿದ ಹಡಗುಗಳನ್ನು ನಾಶಮಾಡಿದ. ಕಡಲು ತೆರೆದಿರುವ ತಿಂಗಳುಗಳಲ್ಲಿ ಈ ಬಂದರಿಗೆ ತನ್ನದೇ ಆದ ರಕ್ಷಣೆ ಇರಲಿಲ್ಲ.

ಇವೆಲ್ಲಕ್ಕಿಂತ ದೊಡ್ಡದು 1783ರ ಮುತ್ತಿಗೆ. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡಾಗ ಮುಂಬಯಿಯ ಇಂಗ್ಲಿಷ್ ಸರ್ಕಾರ ಜನರಲ್ ಮ್ಯಾಥ್ಯೂಸ್‌ನನ್ನು ಕರಾವಳಿಗೆ ಕಳಿಸಿತು. ಜನವರಿಯಲ್ಲಿ ಹೊನ್ನಾವರ ಬಿತ್ತು, ಅದೇ ತಿಂಗಳು ಬಿದನೂರು ಕಾದಾಟವಿಲ್ಲದೆ ಕೈಸೇರಿತು, ಮಾರ್ಚ್ 9ರಂದು ಮಂಗಳೂರು ಶರಣಾಯಿತು. ನಕ್ಷೆಯ ಮೇಲೆ ನೋಡಿದರೆ ಅದ್ಭುತ ವಿಜಯ. ಆದರೆ ತಮಿಳುನಾಡಿನ ಕಡೆಯಲ್ಲಿದ್ದ ಟಿಪ್ಪು ತನ್ನ ಸೈನ್ಯವನ್ನು ತಿರುಗಿಸಿಕೊಂಡು ಬಂದು ಮೇ ಮೊದಲ ವಾರದ ಹೊತ್ತಿಗೆ ಬಿದನೂರನ್ನು ಮರಳಿ ಪಡೆದ. ಮ್ಯಾಥ್ಯೂಸ್ ಸೆರೆಯಾಗಿ ಶ್ರೀರಂಗಪಟ್ಟಣದಲ್ಲೇ ಪ್ರಾಣ ಬಿಟ್ಟ. ಮೇ ತಿಂಗಳ ಮೂರನೆಯ ವಾರ ಟಿಪ್ಪುವಿನ ದಂಡು ಮಂಗಳೂರಿನ ಸುತ್ತ ಬಂದು ನಿಂತಿತು. ಅವನೊಂದಿಗೆ ಕೊಸಿನ್ಯಿಯ ನಾಯಕತ್ವದ ಫ್ರೆಂಚ್ ತುಕಡಿಯೂ ಇತ್ತು. ಒಳಗೆ ಕರ್ನಲ್ ಜಾನ್ ಕ್ಯಾಂಪ್‌ಬೆಲ್, ಅವನ ಸ್ಕಾಟ್ಲೆಂಡಿನ ಹೈಲ್ಯಾಂಡರ್ ಸೈನಿಕರು, ಮತ್ತು ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಸಂಖ್ಯೆಯ ಮುಂಬಯಿಯ ಸಿಪಾಯಿಗಳು.

ಮುತ್ತಿಗೆ ಹಾಕಿದವನೂ ಒಳಗಿದ್ದವನೂ ಕಾಯುತ್ತಿದ್ದುದು ಒಂದನ್ನೇ, ಮಳೆಯನ್ನು. ಅದು ಬಂದರೆ ಕೋಟೆಗೆ ಕಡಲಿನ ದಾರಿ ಮುಚ್ಚುತ್ತದೆ. ಅದು ಬಂದರೆ ಹೊರಗೆ ತೋಡಿದ ಕಂದಕಗಳೂ ತುಂಬುತ್ತವೆ. ಎರಡೂ ನಡೆಯಿತು. ಟಿಪ್ಪುವಿನ ತೋಪುಗಳು ಗೋಡೆಯನ್ನು ಒಡೆದವು, ದೊಡ್ಡ ದೊಡ್ಡ ಕಲ್ಲುಗಳನ್ನು ಮಾರ್ಟರಿನಿಂದ ಎತ್ತಿ ಕೋಟೆಯೊಳಗೆ ಎಸೆದವು, ಸುರಂಗಗಳನ್ನು ತೋಡಿಸಲಾಯಿತು, ಜುಲೈ ಮೊದಲ ವಾರದಲ್ಲಿ ಒಡಕು ಗೋಡೆಯ ಮೇಲೆ ಏರಿಬಂದವರನ್ನು ಒಳಗಿನವರು ಬಯೊನೆಟ್ಟಿನಿಂದ ಹಿಂದಕ್ಕೆ ತಳ್ಳಿದರು. ಜುಲೈ ತಿಂಗಳ ಮಂಗಳೂರಿನ ಮಳೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಗೆದ ಗುಂಡಿ ಸಂಜೆಯೊಳಗೆ ಕೆರೆಯಾಗುತ್ತದೆ, ಗುಡಾರದ ಬಟ್ಟೆ ಕೊಳೆಯುತ್ತದೆ, ಕಟ್ಟಿಗೆ ಹೊತ್ತಿಕೊಳ್ಳುವುದಿಲ್ಲ, ಚರ್ಮದ ಮೇಲೆಲ್ಲ ಬೂಷ್ಟು ಹಿಡಿಯುತ್ತದೆ. ಮದ್ದನ್ನು ಒಣಗಿಸಿ ಇಟ್ಟುಕೊಳ್ಳುವುದೇ ಒಂದು ಯುದ್ಧ.

ಇದೇ ಹೊತ್ತಿಗೆ ಯುರೋಪಿನಲ್ಲಿ ಇಂಗ್ಲೆಂಡೂ ಫ್ರಾನ್ಸೂ ಸಂಧಿ ಮಾಡಿಕೊಂಡ ಸುದ್ದಿ ಹಡಗು ಹತ್ತಿ ಬಂತು. ನಿನ್ನೆಯವರೆಗೆ ಟಿಪ್ಪುವಿನ ತೋಪುಗಳ ಪಕ್ಕದಲ್ಲಿದ್ದ ಫ್ರೆಂಚರು ಕೆಲಸ ನಿಲ್ಲಿಸಿ ಹಿಂದೆ ಸರಿದರು. ಗೆಲುವು ಕೈಗೆ ಸಿಗುವ ಹೊತ್ತಿನಲ್ಲಿ ಜೊತೆಗಾರ ಬಿಟ್ಟುಹೋದದ್ದು ಟಿಪ್ಪುವಿಗೆ ಮಾಯದ ಗಾಯವಾಯಿತು. ಆಗಸ್ಟ್ 2ರಂದು ಕದನವಿರಾಮ ಆಯಿತು. ಕೋಟೆಯವರು ಆಹಾರ ಕೊಳ್ಳಲು ಹೊರಗೆ ಒಂದು ಬಜಾರು ಇಡಬೇಕೆಂಬುದು ಅದರ ಕರಾರುಗಳಲ್ಲಿ ಒಂದು.

ಆಗಸ್ಟ್ 2 ಎಂದರೆ ನಮ್ಮ ಲೆಕ್ಕದಲ್ಲಿ ಆಟಿ. ತುಳುನಾಡಿನಲ್ಲಿ ಆಟಿ ಹಸಿವಿನ ತಿಂಗಳು. ಕಣಜ ಬರಿದಾಗಿರುತ್ತದೆ, ಗದ್ದೆಯ ಪೈರು ಇನ್ನೂ ಎಳೆಯದು, ಕಡಲಿಗೆ ಇಳಿಯುವಂತಿಲ್ಲ. ಹಲಸಿನ ಬೀಜ, ಕೆಸುವಿನ ಎಲೆ, ತಜಂಕು, ಉಪ್ಪಿನಲ್ಲಿಟ್ಟ ಹಲಸಿನ ತೊಳೆ ತಿಂದು ಜನ ದಿನ ದೂಡುತ್ತಿದ್ದ ಕಾಲ ಅದು. ಶಾಂತಿಯ ವರ್ಷದಲ್ಲೂ ಹೀಗಿರುವಾಗ, ಸಾವಿರಾರು ಕುದುರೆ, ಎತ್ತು, ಸೈನಿಕರು ಎರಡು ತಿಂಗಳು ಬೀಡುಬಿಟ್ಟು ತಿಂದು ಮುಗಿಸಿದ ಸೀಮೆಯಲ್ಲಿ ಆ ಬಜಾರಿನೊಳಗೆ ಏನು ಸಿಕ್ಕೀತು? ಬೆಲೆ ಏರಿತು, ಆಮೇಲೆ ಸರಕೇ ನಿಂತಿತು. ಬೇಕೆಂದೇ ನಿಲ್ಲಿಸಿದರೆಂಬುದು ಇಂಗ್ಲಿಷರ ದೂರು; ಅದರಲ್ಲಿ ನಿಜವಿದೆ ಎಂದೇ ನಾನು ನಂಬುತ್ತೇನೆ, ಆದರೆ ಆಟಿಯ ಪಾತ್ರವನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದೂ ನಿಜ. ಕೋಟೆಯೊಳಗೆ ಕುದುರೆಗಳನ್ನು ತಿಂದರು, ಬಳಿಕ ನಾಯಿ, ಕಪ್ಪೆ, ಹಾವು. ಸ್ಕರ್ವಿ ಹರಡಿತು. ಬರಿ ಅಕ್ಕಿಯ ಮೇಲೆ ಬದುಕಿದ ಸಿಪಾಯಿಗಳಲ್ಲಿ ಅನೇಕರು ಕುರುಡರಾದರು. ಈ ಮುತ್ತಿಗೆಯ ಬಗ್ಗೆ ಓದಿದ್ದರಲ್ಲಿ ನನ್ನನ್ನು ಬಿಡದೆ ಕಾಡುವುದು ಈ ಒಂದು ಸಂಗತಿ. ಕಾವಲಿಗೆ ನಿಂತ ಮನುಷ್ಯನಿಗೆ ಕತ್ತಲಾದ ಮೇಲೆ ಏನೂ ಕಾಣದು, ಕೆಲವರಿಗೆ ಹಗಲಲ್ಲೂ ಕಾಣದು; ಅವನು ಕೊಂಕಣದ ಯಾವುದೋ ಹಳ್ಳಿಯಿಂದ ಸಂಬಳಕ್ಕೆ ಬಂದವನು; ಗೋಡೆಯ ಆಚೆ ಮಳೆಯಲ್ಲಿ ನಡುಗುತ್ತ ನಿಂತವನು ಮೈಸೂರಿನ ಯಾವುದೋ ಹಳ್ಳಿಯಿಂದ ಸಂಬಳಕ್ಕೆ ಬಂದವನು.

ಮಳೆ ಮುಗಿದು ಕಡಲು ತೆರೆಯಿತು. ನಾನು ಮೇಲೆ ಹೇಳಿದ ಮಾತಿನ ಪ್ರಕಾರ ಇಲ್ಲಿ ಕೋಟೆಯವರಿಗೆ ಬಿಡುಗಡೆಯಾಗಬೇಕಿತ್ತು. ನವೆಂಬರಿನಲ್ಲಿ ಜನರಲ್ ಮ್ಯಾಕ್ಲಿಯಾಡ್ ಹಡಗುಗಳೊಂದಿಗೆ ಅಳಿವೆಯ ಹೊರಗೆ ಬಂದು ನಿಂತದ್ದೂ ಹೌದು. ಆದರೆ ಕದನವಿರಾಮ ಜಾರಿಯಲ್ಲಿತ್ತು, ಪತ್ರಗಳು ಹೋಗಿ ಬಂದವು, ಕೊನೆಗೆ ಅವನು ಸ್ವಲ್ಪ ದಿನಸಿ ಇಳಿಸಿ ತೆರಳಿದ. ಇಳಿಸಿದ ಉಪ್ಪು ಮಾಂಸ ನಾಯಿಗಳೂ ಮೂಸದಷ್ಟು ಕೆಟ್ಟಿತ್ತೆಂದು ದಾಖಲೆಯಾಗಿದೆ. ಅದೇ ದಂಡು ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಹೋಗಿ ಕಣ್ಣೂರನ್ನು ಗೆದ್ದಿತು. ಮಂಗಳೂರಿನ ಬಾಗಿಲು ತೆರೆದೇ ಇತ್ತು. ದಾಟುವ ನಿರ್ಧಾರ ಯಾರೂ ಮಾಡಲಿಲ್ಲ. 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಕೋಟೆಯನ್ನು ಒಪ್ಪಿಸಿದ. ಉಳಿದವರು ಮರ್ಯಾದೆಯೊಂದಿಗೆ, ಆಯುಧಗಳೊಂದಿಗೆ ತಲಶ್ಶೇರಿಗೆ ಹೊರಟರು. ಎರಡು ತಿಂಗಳು ತುಂಬುವುದರೊಳಗೆ ಕ್ಯಾಂಪ್‌ಬೆಲ್ ಮುಂಬಯಿಯಲ್ಲಿ ತೀರಿಕೊಂಡ. ಅವನ ರೆಜಿಮೆಂಟಿನ ಧ್ವಜದ ಮೇಲೆ ‘ಮಂಗಳೂರು’ ಎಂಬ ಹೆಸರನ್ನು ಬರೆಯಲಾಯಿತು. ಮುಂಬಯಿ ಸಿಪಾಯಿಗಳ ಎಂಟನೆಯ ಬೆಟಾಲಿಯನ್ನಿಗೆ ಈ ಮುತ್ತಿಗೆಯಲ್ಲಿ ತೋರಿದ ಸ್ಥೈರ್ಯಕ್ಕಾಗಿ ಗ್ರೆನೇಡಿಯರ್ ಎಂಬ ಬಿರುದು ಬಂತು.

ಮುಂದಿನ ಆರು ವಾರಗಳ ಬಗ್ಗೆ ಬರೆಯುವಾಗ ನನ್ನ ಊರಿನವರಲ್ಲಿ ನಾನು ಒಂದು ಬೇಡಿಕೆ ಇಡುತ್ತೇನೆ: ಎರಡು ದಿನಾಂಕಗಳನ್ನು ದಯವಿಟ್ಟು ಒಟ್ಟಿಗೆ ನೆನಪಿಟ್ಟುಕೊಳ್ಳಿ. 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದಕ್ಕೆ ಸಹಿ ಬಿತ್ತು. ಮದರಾಸಿನ ಕಂಪನಿ ಸರ್ಕಾರದ ಮೂವರು ಪ್ರತಿನಿಧಿಗಳು, ಸ್ಯಾಡ್ಲಿಯರ್, ಸ್ಟಾಂಟನ್, ಹಡಲ್‌ಸ್ಟನ್, ಪೂರ್ವ ಕರಾವಳಿಯಿಂದ ಇಲ್ಲಿಯವರೆಗೆ ನಡೆದು ಬಂದು, ಗೆದ್ದ ನೆಲವನ್ನು ಇಬ್ಬರೂ ಹಿಂದಿರುಗಿಸಬೇಕು, ಸೆರೆಯಾಳುಗಳನ್ನು ಬಿಡಬೇಕು ಎಂಬ ಕರಾರಿಗೆ ಒಪ್ಪಿದರು. ಒಬ್ಬ ಭಾರತೀಯ ಅರಸ ಕಂಪನಿಯೊಂದಿಗೆ ಸಮಸಮನಾಗಿ ಕೂತು, ತನ್ನ ಶಿಬಿರಕ್ಕೆ ಅವರನ್ನೇ ಬರಿಸಿಕೊಂಡು ಮಾಡಿದ ಒಪ್ಪಂದವಿದು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೆ ಇದು ಅವಮಾನವಾಗಿ ಕಂಡಿತ್ತು. ಅದಕ್ಕೆ ಹದಿನಾರು ದಿನ ಮೊದಲು, ಫೆಬ್ರವರಿ 24ರಂದು, ಕೆನರಾದ, ಅಂದರೆ ಈ ಕರಾವಳಿ ಸೀಮೆಯ, ಕ್ರೈಸ್ತರ ಸೆರೆ ಆರಂಭವಾಗಿತ್ತು. ಇಂಗ್ಲಿಷರಿಗೆ ಅಕ್ಕಿ, ಹಣ, ಸುದ್ದಿ ಒದಗಿಸಿದರೆಂಬ ಆರೋಪದ ಮೇಲೆ ಊರೂರಿನಿಂದ ಸಂಸಾರ ಸಂಸಾರಗಳನ್ನೇ ಎಬ್ಬಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಜನ ಎಂಬುದರಲ್ಲಿ ದಾಖಲೆಗಳು ಒಪ್ಪುವುದಿಲ್ಲ. ಕಡಿಮೆಯೆಂದರೂ ಹತ್ತಾರು ಸಾವಿರ. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಅಸಂಖ್ಯ. 1680ರಲ್ಲಿ ಕಟ್ಟಿದ್ದ ಮಿಲಾಗ್ರಿಸ್ ಚರ್ಚು ಸೇರಿದಂತೆ ಚರ್ಚುಗಳು ನೆಲಸಮವಾದವು. ಉಳಿದುಕೊಂಡವರು ಊರಿಗೆ ಮರಳಿದ್ದು 1799ರ ನಂತರ. ನಮ್ಮ ನೆರೆಮನೆಯ ಅಜ್ಜಿ ಇದನ್ನು ಕೊಂಕಣಿಯಲ್ಲಿ ‘ಬಂಧ್‌ಪಡ್’ ಎನ್ನುತ್ತಿದ್ದರು. ಆ ಪದ ಹೇಳುವಾಗ ಅವರ ದನಿ ತಗ್ಗುತ್ತಿತ್ತು, ಮೊನ್ನೆ ನಡೆದ ಸಾವಿನ ಬಗ್ಗೆ ಹೇಳುವಂತೆ.

ಒಂದು ಕಡೆಯವರು ಮಾರ್ಚ್ 11ನ್ನು ಮಾತ್ರ ಹೇಳುತ್ತಾರೆ, ಇನ್ನೊಂದು ಕಡೆಯವರು ಫೆಬ್ರವರಿ 24ನ್ನು ಮಾತ್ರ. ಎರಡನ್ನೂ ಮಾಡಿದವನು ಒಬ್ಬನೇ, ಒಂದೇ ಬೇಸಗೆಯಲ್ಲಿ, ಒಂದೇ ಊರಿನಲ್ಲಿ. ಮತ್ತು ಎರಡರ ಹಿಂದೆಯೂ ಇದ್ದುದು ಅಳಿವೆಯ ಬಗೆಗಿನ ಅದೇ ಭಯ: ಕಡಲಿನಿಂದ ಬಂದವನಿಗೆ ನೆಲದಲ್ಲಿ ಯಾರಾದರೂ ಬಾಗಿಲು ತೆಗೆದರೆ ಏನು ಗತಿ? ಆ ಭಯ ಒಂದು ಜನಸಮುದಾಯವನ್ನೇ ಬೇರುಸಹಿತ ಕಿತ್ತದ್ದಕ್ಕೆ ಸಮರ್ಥನೆಯಾಗದು. ಕಾರಣ ತಿಳಿಯುವುದಕ್ಕಾಗಿ ಹೇಳುತ್ತಿದ್ದೇನೆ, ಅಷ್ಟೆ.

ಎಂಟು ತಿಂಗಳು ತನ್ನನ್ನೇ ತಡೆದು ನಿಲ್ಲಿಸಿದ ಮಂಗಳೂರಿನ ಕೋಟೆಯನ್ನು ಟಿಪ್ಪು ಆಮೇಲೆ ಕೆಡವಿಸಿದ. ಇನ್ನೊಮ್ಮೆ ಇಂಗ್ಲಿಷರು ಬಂದು ಸೇರಿಕೊಂಡರೆ ಮತ್ತೆ ಅಷ್ಟೇ ಕಾಲ ಬೇಕಾದೀತು ಎಂದು ಅವನಿಗೆ ಅನ್ನಿಸಿರಬೇಕು. ಇಂದು ಊರಲ್ಲಿ ನಡೆದಾಡುವವರ ಕಣ್ಣಿಗೆ ಆ ಕೋಟೆ ಬೀಳುವುದಿಲ್ಲ. ಉಳಿದದ್ದು ಹೊಳೆಗೆ ಮುಖಮಾಡಿದ ಈ ಬತ್ತೇರಿ. ನೌಕಾಬಲದ ಕೊರತೆಯನ್ನೂ ಅವನು ಮರೆಯಲಿಲ್ಲ. 1796ರ ಸುಮಾರಿಗೆ 20 ದೊಡ್ಡ ಸಮರನೌಕೆ, 20 ಫ್ರಿಗೇಟ್ ಕಟ್ಟುವ ಯೋಜನೆ ಹಾಕಿದ, ಅದಕ್ಕಾಗಿ ಗೊತ್ತುಮಾಡಿದ ಮೂರು ಹಡಗುಕಟ್ಟೆಗಳಲ್ಲಿ ಮಂಗಳೂರೂ ಒಂದು. ಆ ನೌಕಾಪಡೆ ಸಿದ್ಧವಾಗುವ ಮೊದಲೇ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಥಾಮಸ್ ಮನ್ರೋ ಕೆನರಾದ ಕಲೆಕ್ಟರಾಗಿ ಬಂದ, ಮಂಗಳೂರು ಕಂಪನಿಯ ಜಿಲ್ಲಾ ಕೇಂದ್ರವಾಯಿತು.

ಇನ್ನು ಯುದ್ಧ ಮುಗಿಯಿತು ಎಂದುಕೊಂಡವರಿಗೆ 1837ರಲ್ಲಿ ಘಟ್ಟದ ಕಡೆಯಿಂದ ಉತ್ತರ ಬಂತು. 1834ರಲ್ಲಿ ಕೊಡಗನ್ನು ಕಂಪನಿ ನುಂಗಿದಾಗ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿದರು. ಅಲ್ಲಿಯ ರೈತರು ಕಂದಾಯವನ್ನು ಧಾನ್ಯದಲ್ಲಿ ಕೊಡುತ್ತಿದ್ದವರು, ಈಗ ರೊಕ್ಕದಲ್ಲಿ ಕೊಡಬೇಕಾಯಿತು. ಬೆಳೆದ ಭತ್ತವನ್ನು ಸಿಕ್ಕಿದ ಬೆಲೆಗೆ ಮಾರಿ ನಾಣ್ಯ ಹೊಂದಿಸುವ ಕಷ್ಟ ಅವರನ್ನು ದಂಗೆಗೆ ಎಬ್ಬಿಸಿತು. ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದವರು ಕೊಡಗಿನ ಅರಸುಮನೆತನದವನೆನ್ನಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಜನರನ್ನು ಕೂಡಿಸಿ, ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು ದಾಟಿ ನಡೆದು ಬಂದರು. ನಂದಾವರದ ಬಂಗರಸನೂ ಕೂಡಿಕೊಂಡ. ಏಪ್ರಿಲ್ 5ರಂದು ಅವರು ಮಂಗಳೂರನ್ನು ಪ್ರವೇಶಿಸಿದರು. ಕಚೇರಿಗೆ ಬೆಂಕಿ ಬಿತ್ತು, ಜೈಲಿನ ಬಾಗಿಲು ತೆರೆಯಿತು, ಬಾವುಟಗುಡ್ಡೆಯ ಮೇಲೆ ಕಂಪನಿಯ ಬಾವುಟ ಇಳಿದು ಅವರದ್ದು ಏರಿತು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು.

ಬಂದೂಕಿಗಿಂತ ಕತ್ತಿ, ಕೋಲು ಹೆಚ್ಚಾಗಿದ್ದ ಆ ರೈತರ ದಂಡಿಗೆ ಕಡಲಿನ ಕಡೆಗೆ ತಿರುಗಿಸಲು ಒಂದು ತೋಪೂ ಇದ್ದಂತಿಲ್ಲ. ಬ್ರಿಟಿಷರು ಕಣ್ಣೂರು, ತಲಶ್ಶೇರಿಗಳಿಂದ ಕಡಲ ದಾರಿಯಲ್ಲಿ ಪಡೆ ತರಿಸಿದರು. ಏಪ್ರಿಲ್ ತಿಂಗಳು, ಕಡಲು ಕೊಳದಂತೆ ಶಾಂತ. ಇದೇ ದಂಗೆ ಜೂನಿನಲ್ಲಿ ನಡೆದಿದ್ದರೆ ಆ ಪಡೆಗೆ ಅಳಿವೆ ದಾಟಲು ಸೆಪ್ಟೆಂಬರ್ ಆಗಬೇಕಿತ್ತು. ಅಷ್ಟರಲ್ಲಿ ಏನಾಗುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸೆರೆಸಿಕ್ಕವರಲ್ಲಿ ಹಲವರನ್ನು ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು. ಆಳುವವರ ಕಾಗದದಲ್ಲಿ ಅದು ಬರಿ ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ದರೋಡೆ ಎಂದು ಉಳಿಯಿತು. 2022ರ ನವೆಂಬರಿನಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಬಾವುಟಗುಡ್ಡೆಯ ಮೇಲೆ ನಿಂತಾಗ, ಸುಳ್ಯದ ಕಡೆಯಿಂದ ಬಂದ ಹಿರಿಯರೊಬ್ಬರು ಜನಜಂಗುಳಿಯಲ್ಲಿ ಚಪ್ಪಲಿ ಕಳಚಿಟ್ಟು ಕೈಮುಗಿದದ್ದನ್ನು ನಾನು ನೋಡಿದೆ.

ಆ ನಂತರ ಈ ಅಳಿವೆಗಾಗಿ ಯಾರೂ ಹೋರಾಡಲಿಲ್ಲ. ಹಂಚು, ಕಾಫಿ, ಗೋಡಂಬಿ ಹೊತ್ತ ಹಡಗುಗಳು ಹೊರಗೆ ಲಂಗರು ಹಾಕಿ ಕಾಯುತ್ತಿದ್ದವು, ಮಳೆಗಾಲದಲ್ಲಿ ಬಂದರು ಹಳೆಯ ಹಾಗೆಯೇ ಮುಚ್ಚುತ್ತಿತ್ತು. 1970ರ ದಶಕದಲ್ಲಿ ಪಣಂಬೂರಿನಲ್ಲಿ ನೆಲವನ್ನೇ ಅಗೆದು, ಕಡಲಿಗೆ ಎರಡು ಕಲ್ಲಿನ ತೋಳು ಚಾಚಿ, ನವಮಂಗಳೂರು ಬಂದರನ್ನು ಕಟ್ಟಿದ ಮೇಲೆ ಹನ್ನೆರಡು ತಿಂಗಳೂ ಹಡಗು ಬರುವಂತಾಯಿತು. ಕೋಸ್ಟ್ ಗಾರ್ಡಿನ ನೌಕೆಗಳು ಈಗ ನಿಲ್ಲುವುದೂ ಅಲ್ಲಿಯೇ; ಆ ಪಡೆಯ ಒಂದು ವರ್ಗದ ಗಸ್ತು ನೌಕೆಗಳಿಗೆ ರಾಣಿ ಅಬ್ಬಕ್ಕನ ಹೆಸರಿದೆ. ಹಳೆ ಬಂದರಿನ ಧಕ್ಕೆಯಲ್ಲಿ ಮೀನಿನ ಬೋಟುಗಳೂ, ಲಕ್ಷದ್ವೀಪಕ್ಕೆ ಜಲ್ಲಿ, ತರಕಾರಿ ಒಯ್ಯುವ ಮಂಜಿಗಳೂ ಇವೆ. ಅವು ಮಾತ್ರ ಇಂದಿಗೂ ಅಳಿವೆ ಬಾಗಿಲಿನ ಮರಳಿಗೆ ಅಂಜಿಕೊಂಡೇ ಹೋಗಿ ಬರುತ್ತವೆ.

ಅಂದು ಬತ್ತೇರಿಯಿಂದ ಕೆಳಗಿಳಿದು ದಡದಲ್ಲಿ ನಿಂತಿದ್ದ ದೋಣಿಯವರನ್ನು ಆಚೆಗೆ ಬಿಡುತ್ತೀರಾ ಎಂದು ಕೇಳಿದೆ. ಅವರು ಅಳಿವೆಯ ಕಡೆ ಮುಖ ತಿರುಗಿಸಿ ಸ್ವಲ್ಪ ಹೊತ್ತು ಕಿವಿಗೊಟ್ಟರು. ಮಳೆಯ ಸದ್ದಿನ ಹಿಂದೆ ಕಡಲಿನ ಮೊರೆತ ಕೇಳುತ್ತಿತ್ತು. ನೂಲ ಹುಣ್ಣಿಮೆಗೆ ತಣ್ಣೀರುಬಾವಿಯಲ್ಲಿ ಮೊಗವೀರರು ಕಡಲಿಗೆ ಹಾಲೆರೆದು, ಕಾಯಿ ಬಿಟ್ಟು ಪೂಜೆ ಮಾಡುತ್ತಾರೆ, ಆಗ ಬನ್ನಿ, ಇವತ್ತು ಬೇಡ ಎಂದರು. ಕೊಡೆ ಬಿಡಿಸಿಕೊಂಡು ನಾನು ಕುದ್ರೋಳಿಯ ದಾರಿ ಹಿಡಿದೆ.